ಮಾತನ್ನು ಬರಹಕ್ಕಿಳಿಸುವ ಸೇವೆ: ಒಂದು ವರ್ಷದ ಬಳಕೆಯ ನಂತರ

ಸಂದರ್ಶನದ ಧ್ವನಿಮುದ್ರಣವನ್ನು ತಾನಾಗಿಯೇ ಬರಹಕ್ಕಿಳಿಸಿ ಕೊಡುವ ಆನ್‌ಲೈನ್ ಸೇವೆಯೊಂದನ್ನು ಪತ್ರಿಕೋದ್ಯಮದ ವಿದ್ಯಾರ್ಥಿನಿಯಾದ ನಾನು ಒಂದು ವರ್ಷದಿಂದ ಚಂದಾ ಕಟ್ಟಿ ಬಳಸುತ್ತಿದ್ದೇನೆ. ಈ ಅವಧಿಯಲ್ಲಿ ನಾನು ಕೆಲಸ ಮಾಡಿದ್ದು ಒಂದೇ ವರದಿಮಾಲೆಗೆ. ಸುದ್ದಿಯಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುವ, ಕಾಣಿಸಿಕೊಂಡಾಗಲೂ ಬೇರೆಯವರ ಬಾಯಿಂದಲೇ ಕೇಳಿಬರುವ ಸಮುದಾಯಗಳ ಕುರಿತ ಮಾಲೆ ಅದು. ತ್ಯಾಜ್ಯ ಆಯುವ ಮಹಿಳೆಯರು, ಊರು ಬಿಟ್ಟು ಬಂದು ಕಟ್ಟಡ ಕೆಲಸ ಮಾಡುವವರು, ಕಿವುಡ ಸಮುದಾಯದವರು, ತೊದಲುವಿಕೆಯಿರುವ ಯುವಕರು ನನ್ನೊಂದಿಗೆ ಮಾತನಾಡಿದರು. ಆ ಮಾತಿನ ಬಹುಪಾಲು ಈ ಸೇವೆಯ ಮೂಲಕವೇ ಹಾದು ಬಂದಿದೆಯಾದ್ದರಿಂದ, ಈ ವಿಮರ್ಶೆ ಸೇವೆಯ ಬಗ್ಗೆ ಎಷ್ಟೋ ನನ್ನ ವರದಿಗಾರಿಕೆಯ ಬಗ್ಗೆಯೂ ಅಷ್ಟೇ ಎಂದು ಮೊದಲೇ ಒಪ್ಪಿಕೊಳ್ಳಬೇಕು. ಸೇವೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಬಗೆಯ ಇನ್ನೆರಡು ಸೇವೆಗಳಿಗೆ ಅದೇ ಧ್ವನಿಮುದ್ರಣಗಳನ್ನು ಕೊಟ್ಟು ನೋಡಿದಾಗ ತಪ್ಪುಗಳು ಬೇರೆ ಬೇರೆ ಜಾಗದಲ್ಲಿ ಬಿದ್ದವೇ ಹೊರತು ಅವುಗಳ ಸ್ವಭಾವ ಬದಲಾಗಲಿಲ್ಲ.

ಅನುಕೂಲಗಳು ಸಣ್ಣವಲ್ಲ, ಅವನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಗಂಟೆಯ ಸಂದರ್ಶನವನ್ನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಿ ಟೈಪ್ ಮಾಡಲು ನನಗೆ ನಾಲ್ಕೈದು ಗಂಟೆ ಬೇಕಾಗುತ್ತಿತ್ತು. ಸೇವೆ ಕೆಲವೇ ನಿಮಿಷಗಳಲ್ಲಿ ಕರಡೊಂದನ್ನು ಮುಂದಿಡುತ್ತದೆ. ಬರಹದ ಯಾವ ಪದದ ಮೇಲೆ ಒತ್ತಿದರೂ ಆ ಪದವನ್ನು ಆಡಿದ ಕ್ಷಣದಿಂದ ಧ್ವನಿ ಶುರುವಾಗುತ್ತದೆ. ವೇಗವನ್ನು ಮುಕ್ಕಾಲಿಗೆ ಇಳಿಸಿ ಕೇಳಬಹುದು. ಎಲ್ಲ ಸಂದರ್ಶನಗಳನ್ನೂ ಒಟ್ಟಿಗೆ ಹುಡುಕಬಹುದು. ಡೆಡ್‌ಲೈನಿನ ಹಿಂದಿನ ರಾತ್ರಿ "ಗುರುತಿನ ಚೀಟಿ" ಎಂದು ಹುಡುಕಿ, ಬೇರೆ ಬೇರೆ ತಿಂಗಳುಗಳಲ್ಲಿ ಬೇರೆ ಬೇರೆ ಕಾರ್ಮಿಕರು ಅದರ ಬಗ್ಗೆ ಆಡಿದ ಮಾತುಗಳನ್ನು ಒಂದೇ ಪರದೆಯಲ್ಲಿ ಕಂಡಾಗ ನನಗೆ ಆದ ಸಮಾಧಾನವನ್ನು ಕಡಿಮೆ ಮಾಡಿ ಹೇಳಲಾರೆ. ಕೈಬರಹದ ಟಿಪ್ಪಣಿಪುಸ್ತಕ ಅದನ್ನು ಎಂದೂ ಮಾಡಿಕೊಡುತ್ತಿರಲಿಲ್ಲ.

ತೊಂದರೆ ಶುರುವಾಗುವುದು ಜಾಹೀರಾತಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ನಿಖರತೆಯ ವಿಚಾರದಲ್ಲಿ. ಈ ಕ್ಷೇತ್ರದಲ್ಲಿ ನಿಖರತೆಯನ್ನು ಅಳೆಯುವ ರೂಢಿಯ ವಿಧಾನ ಸರಳವಾಗಿದೆ: ತಪ್ಪಾಗಿ ಬರೆದ, ಬಿಟ್ಟುಹೋದ, ಇಲ್ಲದೆಯೂ ಸೇರಿಕೊಂಡ ಪದಗಳನ್ನು ಕೂಡಿಸಿ, ನಿಜವಾಗಿ ಆಡಿದ ಒಟ್ಟು ಪದಗಳಿಂದ ಭಾಗಿಸುತ್ತಾರೆ. ಈ ಲೆಕ್ಕಕ್ಕೆ "ಮತ್ತೆ" ಎಂಬ ಪದವೂ ಒಂದು ಪದ, ತೀರಿಹೋದ ಮಗುವಿನ ಹೆಸರೂ ಒಂದು ಪದ. ಸರಾಸರಿಯಲ್ಲಿ ಇನ್ನೊಂದು ಸಂಗತಿಯೂ ಅಡಗುತ್ತದೆ. ಮಾಲೆಗಾಗಿ ನಾನು ಮಾತನಾಡಿಸಿದ ಒಬ್ಬ ಅಧಿಕಾರಿ ಮತ್ತು ಒಬ್ಬ ಪ್ರಾಧ್ಯಾಪಕರ ಮಾತಿನಲ್ಲಿ ಪುಟಕ್ಕೆ ಬೆರಳೆಣಿಕೆಯ ತಪ್ಪುಗಳಿದ್ದವು; ತ್ಯಾಜ್ಯ ಆಯುವ ಹಿರಿಯ ಮಹಿಳೆಯ ಮಾತಿನಲ್ಲಿ ತಪ್ಪಿಲ್ಲದ ಸಾಲನ್ನು ಹುಡುಕಬೇಕಾಯಿತು. ಮೂರೂ ಮುದ್ರಣಗಳನ್ನು ಮಾಡಿದ್ದು ಒಂದೇ ಫೋನಿನಲ್ಲಿ, ಅಷ್ಟೇ ದೂರದಲ್ಲಿಟ್ಟುಕೊಂಡು.

ತಪ್ಪುಗಳು ಎಲ್ಲಿ ಬೀಳುತ್ತವೆ ಎಂಬುದು ಅವು ಎಷ್ಟಿವೆ ಎಂಬುದಕ್ಕಿಂತ ಮುಖ್ಯ. ಕನ್ನಡದಲ್ಲಿ 'ಹೌದು' ಮತ್ತು 'ಅಲ್ಲ'ಗಳ ವ್ಯತ್ಯಾಸ, ನಿನ್ನೆ ಮತ್ತು ಇಂದಿನ ವ್ಯತ್ಯಾಸ ಬಹುಪಾಲು ಕ್ರಿಯಾಪದದ ಬಾಲದಲ್ಲಿರುತ್ತದೆ, ಮತ್ತು ಆಡುಮಾತಿನಲ್ಲಿ ಅತಿ ಹೆಚ್ಚು ಸವೆಯುವುದೂ ಆ ಬಾಲವೇ. "ಕೆಲಸ ಐತಿ" ಎಂದ ಕಾರ್ಮಿಕನ ಮಾತನ್ನು ಸೇವೆ "ಕೆಲಸ ಆಯಿತು" ಎಂದು ಬರೆಯಿತು. ಇರುವ ಕೆಲಸ ಮುಗಿದ ಕೆಲಸವಾಯಿತು. "ನಮ್ಮ ಓಣಿಗೆ ನೀರು ಬರಂಗಿಲ್ಲ" ಎಂಬುದು "ನೀರು ಬರಲಿಲ್ಲ" ಎಂದಾಯಿತು. ವರ್ಷಗಳಿಂದ ನೀರು ಕಾಣದ ಓಣಿ ಯಾವುದೋ ಒಂದು ದಿನ ನಲ್ಲಿ ಕೈಕೊಟ್ಟ ಓಣಿಯಾಗಿಬಿಟ್ಟಿತು. ಎರಡೂ ವಾಕ್ಯಗಳು ವ್ಯಾಕರಣಕ್ಕೆ ಸರಿಯಾಗಿದ್ದವು, ಓದಲು ಚೆನ್ನಾಗಿದ್ದವು, ಆದ್ದರಿಂದಲೇ ಮೊದಲ ಓದಿನಲ್ಲಿ ನನ್ನ ಕಣ್ಣು ಎಲ್ಲಿಯೂ ತಡೆಯಲಿಲ್ಲ. ಅಸಂಬದ್ಧವಾದ ತಪ್ಪು ತಾನಾಗಿಯೇ ಕಾಣುತ್ತದೆ. ಈ ಸೇವೆಯ ತಪ್ಪುಗಳಲ್ಲಿ ಅಪಾಯಕಾರಿಯಾದವು ನಯವಾದವು.

ಇದೇ 'ಬರಂಗಿಲ್ಲ' ಎಂಬ ರೂಪ ಇನ್ನೊಂದು ಪಾಠವನ್ನೂ ಕಲಿಸಿತು. ಕೆಲವರ ಕನ್ನಡದಲ್ಲಿ ಅದಕ್ಕೆ 'ಬರುವುದಿಲ್ಲ' ಎಂದರ್ಥ, ಬೇರೆ ಕೆಲವರ ಕನ್ನಡದಲ್ಲಿ 'ಬರಕೂಡದು' ಎಂದರ್ಥ. ಒಂದು ಸಂದರ್ಶನದಲ್ಲಿ "ಅವರ ಅಂಗಳಕ್ಕೆ ನಾವು ಬರಂಗಿಲ್ಲ" ಎಂಬ ಮಾತು ಬಂದಿತ್ತು. ತಾವಾಗಿಯೇ ಹೋಗದಿರುವುದಕ್ಕೂ ಹೋಗಲು ಬಿಡದಿರುವುದಕ್ಕೂ ನಡುವಿನ ಅಂತರವೇ ನನ್ನ ಇಡೀ ವರದಿಯ ವಿಷಯವಾಗಿತ್ತು. ಇಲ್ಲಿ ಸೇವೆ ಪದವನ್ನು ಸರಿಯಾಗಿಯೇ ಬರೆದಿತ್ತು. ತಪ್ಪು ಮಾಡುವ ಸರದಿ ನನ್ನದಾಗಿತ್ತು. ಫೋನ್ ಮಾಡಿ ಕೇಳಿದೆ. ಮಾತಿನ ಅರ್ಥವನ್ನು ಆಡಿದವರನ್ನೇ ಕೇಳುವ ಸೌಲಭ್ಯ ಯಾವ ಚಂದಾದಲ್ಲಿಯೂ ಸೇರಿರುವುದಿಲ್ಲ.

ಈ ಅಸಮಾನತೆ ಆಕಸ್ಮಿಕವಲ್ಲ ಎಂಬುದಕ್ಕೆ ಪ್ರಕಟಿತ ಆಧಾರಗಳಿವೆ. 2020ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನವೊಂದು ಬಂದಿತು. ಅಮೆಜಾನ್, ಆ್ಯಪಲ್, ಗೂಗಲ್, ಐಬಿಎಂ ಮತ್ತು ಮೈಕ್ರೋಸಾಫ್ಟ್ ಕಂಪನಿಗಳ ಮಾತು ಗುರುತಿಸುವ ವ್ಯವಸ್ಥೆಗಳನ್ನು ಅದರಲ್ಲಿ ಹೋಲಿಸಿ ನೋಡಿದ್ದರು. ಬಿಳಿಯ ಅಮೆರಿಕನ್ನರ ಮಾತಿನಲ್ಲಿ ಸರಾಸರಿ 100ಕ್ಕೆ 19 ಪದಗಳು ತಪ್ಪಾಗಿದ್ದರೆ, ಕಪ್ಪು ಅಮೆರಿಕನ್ನರ ಮಾತಿನಲ್ಲಿ 35 ಪದಗಳು ತಪ್ಪಾಗಿದ್ದವು. ಅಲ್ಲಿ ಇಬ್ಬರೂ ಆಡಿದ್ದು ಇಂಗ್ಲಿಷನ್ನೇ ಎಂಬುದನ್ನು ಗಮನಿಸಬೇಕು. ಭಾಷೆಗಳ ನಡುವಿನ ಅಂತರ ಇನ್ನೂ ದೊಡ್ಡದು. 2022ರ ಸೆಪ್ಟೆಂಬರ್‌ನಲ್ಲಿ ಓಪನ್‌ಎಐ ಸಂಸ್ಥೆ ಬಿಡುಗಡೆ ಮಾಡಿದ 'ವಿಸ್ಪರ್' ಎಂಬ ಮಾದರಿಗೆ ತರಬೇತಿ ಕೊಡಲು ಬಳಸಿದ 6,80,000 ಗಂಟೆಗಳ ಧ್ವನಿಯಲ್ಲಿ, ಇಂಗ್ಲಿಷನ್ನು ಬಿಟ್ಟು ಉಳಿದ 96 ಭಾಷೆಗಳನ್ನು ಆಯಾ ಭಾಷೆಯಲ್ಲೇ ಬರೆದುಕೊಳ್ಳಲು ಒದಗಿದ ಪಾಲು ಎಲ್ಲಕ್ಕೂ ಸೇರಿ 1,17,000 ಗಂಟೆ. ಅದರೊಳಗೆ ಒಂದು ಭಾಷೆಗೆ ಸಿಕ್ಕಿದ್ದೆಷ್ಟು, ಆ ಭಾಷೆಯ ಓಣಿಯ ಮಾತಿಗೆ ಸಿಕ್ಕಿದ್ದೆಷ್ಟು ಎಂದು ಊಹಿಸಿಕೊಳ್ಳಬಹುದು. ಯಂತ್ರ ಕಲಿಯುವುದು ಈಗಾಗಲೇ ದಾಖಲಾಗಿ, ಪಕ್ಕದಲ್ಲಿ ಬರಹವನ್ನೂ ಇಟ್ಟುಕೊಂಡಿರುವ ಮಾತಿನಿಂದ. ಅಂಥ ಮಾತು ಯಾರದ್ದು ಎಂಬ ಪ್ರಶ್ನೆ ಯಂತ್ರಕ್ಕಿಂತ ಹಳೆಯದು. ಅಮೆರಿಕದ ನಗರಗಳ ಗಲಭೆಗಳ ಕಾರಣ ಹುಡುಕಲು ನೇಮಕವಾಗಿದ್ದ ಕರ್ನರ್ ಆಯೋಗ 1968ರ ತನ್ನ ವರದಿಯಲ್ಲಿ ಪತ್ರಿಕೆಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಅಲ್ಲಿನ ಸಂಪಾದಕೀಯ ಹುದ್ದೆಗಳಲ್ಲಿ ಕಪ್ಪು ಜನರ ಪ್ರಮಾಣ ಶೇ 5ಕ್ಕಿಂತಲೂ ಕಡಿಮೆ ಎಂದು ಹೇಳಿತ್ತು. ಸುದ್ದಿಮನೆ ಕೇಳಿಸಿಕೊಳ್ಳದೆ ಬಿಟ್ಟ ದನಿ ಸಂಗ್ರಹದಲ್ಲಿ ಇರುವುದಿಲ್ಲ. ಸಂಗ್ರಹದಲ್ಲಿ ಇಲ್ಲದ ದನಿಯನ್ನು ಯಂತ್ರ ಕಲಿತಿರುವುದಿಲ್ಲ.

ಇಷ್ಟು ಬರೆದ ಮೇಲೆ ನನ್ನ ಕಡೆಯ ಲೆಕ್ಕವನ್ನೂ ಕೊಡಬೇಕು. ಮಾಲೆಯ ಮೊದಲ ವರದಿಯನ್ನು ನಾನು ಈ ಸೇವೆಗೆ ಸೇರುವ ಮೊದಲೇ, ಕೈಯಲ್ಲೇ ಬರೆದುಕೊಂಡ ಟಿಪ್ಪಣಿಗಳಿಂದ ಸಿದ್ಧಪಡಿಸಿದ್ದೆ. ತ್ಯಾಜ್ಯ ಆಯುವ ಆ ಹಿರಿಯ ಮಹಿಳೆಯ ಬಾಯಲ್ಲಿ "ನಮ್ಮ ಶ್ರಮವನ್ನು ಸಮಾಜ ಗುರುತಿಸಬೇಕು" ಎಂಬ ಮಾತನ್ನಿಟ್ಟು ಅದಕ್ಕೆ ಉದ್ಧರಣ ಚಿಹ್ನೆಯನ್ನೂ ಹಾಕಿದ್ದೆ. ಪ್ರಕಟವಾದ ಮೇಲೆ ಅವರಿಗೆ ಓದಿ ಹೇಳಿದಾಗ ಅವರು ಸಿಟ್ಟಾಗಲಿಲ್ಲ. "ಇದು ನನ್ನ ಮಾತಲ್ಲವ್ವಾ, ನಿಂದು. ಛಲೋ ಐತಿ, ಆದ್ರ ನಂದಲ್ಲ," ಎಂದರು. ಅವರು ನಿಜವಾಗಿ ಹೇಳಿದ್ದು, ಒಂದು ಮನೆಯವರು ಗೇಟಿನ ಹತ್ತಿರ ಇಟ್ಟಿದ್ದ ಚೀಲವನ್ನು ಇವರು ಎತ್ತಿಕೊಂಡಾಗ ಅಲ್ಲಿನ ಮಗು ಹೆಸರು ಹಿಡಿದು ಕರೆದದ್ದರ ಬಗ್ಗೆ. ನಾನು ಆ ಮಗುವನ್ನೂ ಗೇಟನ್ನೂ ಬಿಟ್ಟು, ಪಠ್ಯಪುಸ್ತಕದ ಒಂದು ವಾಕ್ಯವನ್ನು ಉಳಿಸಿಕೊಂಡಿದ್ದೆ. ಈ ಸೇವೆಯ ಕರಡುಗಳಲ್ಲಿ 'ಐತಿ' ಅಳಿಸಿ 'ಇದೆ' ಬಂದು ಕೂರುವುದನ್ನು ಕಂಡಾಗಲೆಲ್ಲ ನನಗೆ ಆ ವಾಕ್ಯ ನೆನಪಾಗುತ್ತದೆ. ನಾನು ನಿಧಾನವಾಗಿ ಮಾಡಿದ್ದನ್ನು ಇದು ವೇಗವಾಗಿ ಮಾಡುತ್ತದೆ, ಅಷ್ಟೇ.

ಯಾರು ಮಾತನಾಡಿದರು ಎಂದು ಗುರುತಿಸುವ ಸೌಲಭ್ಯವನ್ನು ಸೇವೆ ವಿಶೇಷವಾಗಿ ಪ್ರಚಾರ ಮಾಡುತ್ತದೆ. ಇಬ್ಬರು ಸರದಿಯ ಮೇಲೆ ಮಾತನಾಡುವ ಶಾಂತ ಕೋಣೆಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ನಾಲ್ವರು ಮಹಿಳೆಯರು ಕಸ ವಿಂಗಡಿಸುತ್ತಲೇ, ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸುತ್ತ ಕುಳಿತಿದ್ದಾಗ ಸೇವೆಗೆ ಕೇಳಿಸಿದ್ದು ಒಬ್ಬರೇ: 'ಮಾತುಗಾರ 2'. ಆ ಕರಡನ್ನು ಮುಂದಿಟ್ಟುಕೊಂಡು ನಾನು "ಮಹಿಳೆಯರು ಹೊಸ ಯಂತ್ರವನ್ನು ವಿರೋಧಿಸುತ್ತಾರೆ" ಎಂದು ಬರೆದಿದ್ದೆ. ಧ್ವನಿಯನ್ನು ಮತ್ತೆ ಕೇಳಿದಾಗ, ಅವರಲ್ಲಿ ಕಿರಿಯವಳು ಮೆಲ್ಲಗೆ, ಎರಡು ಬಾರಿ, ಯಂತ್ರ ಬಂದರೆ ತನ್ನ ಬೆನ್ನುನೋವು ಕಡಿಮೆಯಾಗುತ್ತದೆ ಎಂದು ಹೇಳುತ್ತಿದ್ದಳು. ಅಧಿಕಾರಿಗಳ ಸಭೆಯಲ್ಲಿ ಭಿನ್ನಾಭಿಪ್ರಾಯ ಬಂದರೆ ನಾವು ಹೆಸರು ಹಾಕಿ ಬರೆಯುತ್ತೇವೆ. ಬಡವರ ಗುಂಪಿನಲ್ಲಿ ಬಂದರೆ ಅದು 'ಸಮುದಾಯದ ಅಭಿಪ್ರಾಯ'ದೊಳಗೆ ಮುಳುಗಿಹೋಗುತ್ತದೆ. ಈಗ ನಾನು ಗುಂಪಿನ ಮಾತುಕತೆ ಶುರುವಾಗುವ ಮೊದಲು ಪ್ರತಿಯೊಬ್ಬರಿಂದಲೂ ಹೆಸರು ಮತ್ತು ಒಂದು ವಾಕ್ಯವನ್ನು ಹೇಳಿಸಿ ಮುದ್ರಿಸಿಕೊಳ್ಳುತ್ತೇನೆ, ನಂತರ ಕರಡನ್ನು ಕೈಯಾರೆ ಬೇರ್ಪಡಿಸುತ್ತೇನೆ. ಇದು ಗಂಟೆಗಟ್ಟಲೆ ಹಿಡಿಯುವ ಕೆಲಸ.

ಕಿವುಡ ಮಹಿಳೆಯೊಬ್ಬರ ಸಂದರ್ಶನದಲ್ಲಿ ಈ ಸೌಲಭ್ಯದ ಮಿತಿ ಇನ್ನೂ ವಿಚಿತ್ರವಾಗಿ ಕಾಣಿಸಿತು. ಅವರು ಸಂಜ್ಞಾಭಾಷೆಯಲ್ಲಿ ಮಾತನಾಡಿದರು, ಜೊತೆಗಿದ್ದ ದುಭಾಷಿ ಧ್ವನಿ ಕೊಟ್ಟರು. ಕರಡಿನಲ್ಲಿ ಇದ್ದದ್ದು ನಾನು ಮತ್ತು ದುಭಾಷಿ ಮಾತ್ರ. ಒಂದೂವರೆ ಗಂಟೆ ಮಾತನಾಡಿದವರು ದಾಖಲೆಯಲ್ಲಿ ಎಲ್ಲಿಯೂ ಇರಲಿಲ್ಲ. ಧ್ವನಿಯನ್ನು ಮಾತ್ರ ಓದಬಲ್ಲ ಸೇವೆಯಿಂದ ಸಂಜ್ಞೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ, ನಿಜ. ಆದರೆ ಅಂಥ ಸಂದರ್ಶನಕ್ಕೆ ನಾನು ಧ್ವನಿಮುದ್ರಣವೊಂದನ್ನೇ ಹಿಡಿದುಕೊಂಡು ಹೋದದ್ದು ನನ್ನ ತಪ್ಪು. ಎರಡನೆಯ ಸಲ, ಒಪ್ಪಿಗೆ ಪಡೆದು, ವಿಡಿಯೊ ಮಾಡಿಕೊಂಡೆ. ಅವರನ್ನು ಹೇಗೆ ಉಲ್ಲೇಖಿಸಬೇಕು ಎಂದು ಕೇಳಿದಾಗ, 'ಶ್ರವಣದೋಷವುಳ್ಳವರು' ಎಂದಲ್ಲ, 'ಕಿವುಡರು' ಎಂದೇ ಬರೆಯಿರಿ, ನನ್ನಲ್ಲಿ ದೋಷವಿಲ್ಲ, ನನಗೊಂದು ಭಾಷೆಯಿದೆ ಎಂದರು. ಅಂಗವೈಕಲ್ಯದ ಬಗ್ಗೆ ಬರೆಯುವವರಿಗಾಗಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಕೇಂದ್ರವೊಂದು ಪ್ರಕಟಿಸಿರುವ ಪದಬಳಕೆಯ ಕೈಪಿಡಿಯೂ, ಸಾಧ್ಯವಿದ್ದಲ್ಲಿ ಆ ವ್ಯಕ್ತಿಯನ್ನೇ ಕೇಳಿ ಎನ್ನುತ್ತದೆ. ಇಷ್ಟು ವರ್ಷ ನಾನು 'ಮರ್ಯಾದೆಯ ಪದ' ಎಂದುಕೊಂಡಿದ್ದು ಅವರನ್ನು ಕೇಳದೆ ಆರಿಸಿಕೊಂಡ ಪದವಾಗಿತ್ತು.

ತೊದಲುವಿಕೆಯಿರುವ ಯುವಕರ ಸಂದರ್ಶನದ ಹೊತ್ತಿಗೆ 'ಸ್ವಚ್ಛ ಬರಹ' ಎಂಬ ಆಯ್ಕೆಯ ನಿಜವಾದ ಬೆಲೆ ಗೊತ್ತಾಯಿತು. ತಡವರಿಕೆ, ಪುನರುಕ್ತಿ, "ಅದೂ" "ಮತ್ತೇ" ಎಂಬ ಎಳೆತಗಳನ್ನು ತೆಗೆದುಹಾಕುವ ಈ ಆಯ್ಕೆ ಮೊದಲಿನಿಂದಲೇ ಚಾಲೂ ಇರುತ್ತದೆ. ಅಧಿಕಾರಿಗಳ ಮಾತಿಗೆ ಅದು ಉಪಕಾರ. ಆದರೆ ಕೆಲಸದ ಸಂದರ್ಶನದಲ್ಲಿ ತನ್ನ ಹೆಸರನ್ನು ಹೇಳಲು ತಗುಲಿದ ಸಮಯದ ಬಗ್ಗೆ ಒಬ್ಬಾತ ಹೇಳುತ್ತಿದ್ದಾಗ, ಆತ ಹೇಳಿದ ಬಗೆಯೇ ಹೇಳಿದ ವಿಷಯವಾಗಿತ್ತು. ಕರಡು ಅವನನ್ನು ಸಲೀಸಾಗಿ ಮಾತನಾಡಿಸಿತ್ತು. ದೀರ್ಘ ಮೌನಗಳಲ್ಲಿ ಇದಕ್ಕಿಂತ ಗಂಭೀರವಾದ ತೊಂದರೆಯಿದೆ. ಎರಡು ಕಡೆ, ಆತ ಮೌನವಾಗಿದ್ದ ಜಾಗದಲ್ಲಿ, ಯಾರೂ ಆಡದ ಇಡೀ ವಾಕ್ಯ ಮೂಡಿತ್ತು. ಇದು ನನ್ನೊಬ್ಬಳ ಅನುಭವವಲ್ಲ. ವಿಸ್ಪರ್ ಮಾದರಿಯನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸುಮಾರು ಶೇ 1ರಷ್ಟು ಧ್ವನಿತುಣುಕುಗಳಲ್ಲಿ ಯಾರೂ ಆಡದ ಮಾತು ಸೇರಿಕೊಂಡದ್ದನ್ನು, ಅವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವು ಹಿಂಸೆಯ ವರ್ಣನೆಯಂಥ ಹಾನಿಕರ ಕಲ್ಪನೆಗಳಾಗಿದ್ದುದನ್ನು ಕಂಡುಕೊಂಡಿದೆ. ಮಾತಿನ ನಡುವೆ ಹೆಚ್ಚು ಹೊತ್ತು ಸುಮ್ಮನಿರುವವರ ಧ್ವನಿಯಲ್ಲಿ, ಅಂದರೆ ಮಿದುಳಿನ ಆಘಾತದಂಥ ಕಾರಣಗಳಿಂದ ಮಾತು ಕಷ್ಟವಾದವರ ಧ್ವನಿಯಲ್ಲಿ, ಇದು ಹೆಚ್ಚು. ಶೇ 1 ಎಂಬುದು ಸಣ್ಣ ಸಂಖ್ಯೆಯಂತೆ ಕಾಣುತ್ತದೆ, ನಿಮ್ಮ ಹೆಸರಿನ ಮುಂದೆ ನೀವು ಆಡದ ಮಾತು ಅಚ್ಚಾಗುವವರೆಗೆ.

ಅಸಭ್ಯ ಪದಗಳ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕುವ ಸೋಸುವಿಕೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ತನ್ನನ್ನು ದಿನವೂ ಏನೆಂದು ಕರೆಯುತ್ತಾರೆ ಎಂದು ಒಬ್ಬ ಕಾರ್ಮಿಕ ಧೈರ್ಯ ಮಾಡಿ ಹೇಳಿದ ಪದ ಕರಡಿನಲ್ಲಿ ನಾಲ್ಕು ನಕ್ಷತ್ರಗಳಾಗಿತ್ತು. ಆ ಪದವನ್ನು ಅಚ್ಚು ಮಾಡಬೇಕೇ ಎಂಬುದು ಸಂಪಾದಕರು ಮತ್ತು ಆ ಕಾರ್ಮಿಕ ಸೇರಿ ತೀರ್ಮಾನಿಸಬೇಕಾದ ವಿಷಯ. ದಾಖಲೆಯಲ್ಲಿ ಅದು ಇರಲೇಬೇಕಿತ್ತು. ಈ ಸೋಸುವಿಕೆಯನ್ನು ಸೆಟ್ಟಿಂಗ್‌ನಲ್ಲಿ ಮೂರು ಹಂತ ಒಳಗೆ ಹೋಗಿ ತೆಗೆದುಹಾಕಬೇಕು.

ನನಗೆ ಅತ್ಯಂತ ಬೇಸರ ತಂದದ್ದು ಇತ್ತೀಚೆಗೆ ಸೇರಿಸಿರುವ ಸಾರಾಂಶದ ಸೌಲಭ್ಯ. ಐವತ್ತು ನಿಮಿಷಗಳ ಮಾತನ್ನು ಅದು ಐದು ಅಂಶಗಳಿಗೆ ಇಳಿಸುತ್ತದೆ. ತ್ಯಾಜ್ಯ ಆಯುವ ಮಹಿಳೆಯ ಸಂದರ್ಶನದಿಂದ ಅದು ಎತ್ತಿಕೊಂಡ ಐದೂ ಅಂಶಗಳು ಕಷ್ಟಗಳೇ: ಆದಾಯ, ಆರೋಗ್ಯ, ಮನೆ, ನೀರು, ಅವಮಾನ. ಅವು ಸುಳ್ಳಲ್ಲ. ಆದರೆ ಆ ಮಾತಿನ ದೊಡ್ಡ ಪಾಲು ಪ್ಲಾಸ್ಟಿಕ್ಕಿನ ಬಗ್ಗೆ ಇತ್ತು. ಕೈಯಲ್ಲಿ ಹಿಸುಕಿದಾಗ ಬರುವ ಸದ್ದಿನಿಂದಲೇ ಹಾಲಿನ ಪೊಟ್ಟಣದ ಪ್ಲಾಸ್ಟಿಕ್ಕನ್ನೂ ತಿಂಡಿಪೊಟ್ಟಣದ ಪ್ಲಾಸ್ಟಿಕ್ಕನ್ನೂ ಕಣ್ಣು ಮುಚ್ಚಿ ಬೇರ್ಪಡಿಸುವುದು ಹೇಗೆ, ನೀರಿನ ಬಾಟಲಿಯ ಮೈಯನ್ನೂ ಮುಚ್ಚಳವನ್ನೂ ಒಂದೇ ರಾಶಿಗೆ ಹಾಕಿದರೆ ದರ ಏಕೆ ಬೀಳುತ್ತದೆ ಎಂದು ಅವರು ವಿವರವಾಗಿ ಹೇಳಿದ್ದರು. ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗೆ ಅಚ್ಚಾಗಿರುವ ಅಂಕಿ ಪ್ಲಾಸ್ಟಿಕ್ಕಿನ ಬಗೆಯನ್ನು ಸೂಚಿಸುತ್ತದೆ ಎಂದು ನನಗೆ ತಿಳಿದದ್ದು ಆ ನಂತರ. ಅವರ ಬೆರಳಿಗೆ ಆ ಅಂಕಿಗಳ ಅಗತ್ಯವೇ ಇರಲಿಲ್ಲ. ಸಾರಾಂಶದ ದೃಷ್ಟಿಯಲ್ಲಿ ಇದೆಲ್ಲ ವಿಷಯಾಂತರ. ಇಂಥವರನ್ನು ನೊಂದವರೆಂದು ಮಾತ್ರ ಗುರುತಿಸಿ, ಬಲ್ಲವರೆಂದು ಗುರುತಿಸದಿರುವುದು ಸಾವಿರಾರು ವರದಿಗಳ ರೂಢಿಯಾದ್ದರಿಂದ, ಅವುಗಳಿಂದಲೇ ಕಲಿತ ಸಾರಾಂಶವೂ ಅದೇ ರೂಢಿಯನ್ನು ಒಪ್ಪಿಸುತ್ತದೆ. ನಾನು ಪ್ರಕಟಿಸಿದ ಎರಡನೆಯ ವರದಿ ಪೂರ್ತಿಯಾಗಿ ಆ ಸದ್ದುಗಳ ಬಗ್ಗೆ ಇತ್ತು.

ಗೋಪ್ಯತೆಯ ಪ್ರಶ್ನೆ ಬಂದಾಗ ನನ್ನ ತೀರ್ಪು ಕಠಿಣವಾಗುತ್ತದೆ. ಧ್ವನಿ ಕಂಪನಿಯ ಸರ್ವರಿಗೆ ಹೋಗುತ್ತದೆ. ಖಾತೆ ತೆರೆಯುವಾಗಲೇ 'ಸೇವೆಯ ಸುಧಾರಣೆಗೆ ಬಳಸಲು ಒಪ್ಪಿಗೆ' ಎಂಬ ಚೌಕದಲ್ಲಿ ಗುರುತು ಬಿದ್ದಿರುತ್ತದೆ. ನಾನು ಮೂರು ತಿಂಗಳು ಅದನ್ನು ನೋಡಿರಲೇ ಇಲ್ಲ. ಗುತ್ತಿಗೆದಾರನ ಬಗ್ಗೆ ಹೆಸರು ಹೇಳದೆ ಮಾತನಾಡಿದ ಕಾರ್ಮಿಕನಿಗೆ "ನಿಮ್ಮ ಹೆಸರನ್ನು ಎಲ್ಲಿಯೂ ಹಾಕುವುದಿಲ್ಲ" ಎಂದು ಮಾತು ಕೊಟ್ಟಿದ್ದೆ, ಆದರೆ ಧ್ವನಿಯೇ ಒಂದು ಗುರುತು ಎಂಬುದನ್ನು ಮರೆತಿದ್ದೆ. ಅಂಥ ಮುದ್ರಣಗಳನ್ನು ಈಗ ಈ ಸೇವೆಗೆ ಕೊಡುವುದಿಲ್ಲ. ವಿಸ್ಪರ್‌ನಂಥ ಮುಕ್ತ ಮಾದರಿಗಳನ್ನು ಇಂಟರ್ನೆಟ್ ಇಲ್ಲದೆ ನಮ್ಮದೇ ಕಂಪ್ಯೂಟರಿನಲ್ಲಿ ನಡೆಸಬಹುದು. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅದು ನಿಧಾನ, ಮೇಲೆ ಹೇಳಿದ ಕಲ್ಪಿತ ವಾಕ್ಯಗಳ ಅಪಾಯವೂ ಇದ್ದೇ ಇದೆ, ಆದರೆ ಧ್ವನಿ ಮನೆಯಿಂದ ಹೊರಗೆ ಹೋಗುವುದಿಲ್ಲ. ತೀರಾ ಸೂಕ್ಷ್ಮವಾದವನ್ನು ಹಳೆಯ ರೀತಿಯಲ್ಲೇ ಕೇಳಿ ಬರೆಯುತ್ತೇನೆ.

ಬಳಸುವವರಿಗೆ ಪ್ರಯೋಜನವಾಗುವ ಒಂದೆರಡು ಮಾತು. ಸ್ಥಳನಾಮ, ಕಸುಬಿನ ಪದ, ಆಡುಮಾತಿನ ಕ್ರಿಯಾರೂಪಗಳನ್ನು 'ನನ್ನ ಪದಕೋಶ'ದಲ್ಲಿ ಮೊದಲೇ ಸೇರಿಸಿದರೆ ಹೆಸರುಗಳ ತಪ್ಪು ಎದ್ದುಕಾಣುವಷ್ಟು ಇಳಿಯುತ್ತದೆ. ಕ್ರಿಯಾಪದಗಳ ತಪ್ಪು ಅಷ್ಟಾಗಿ ಇಳಿಯುವುದಿಲ್ಲ. ಫೋನನ್ನು ಮೇಜಿನ ಮೇಲಿಡುವ ಬದಲು ಕಾಲರಿಗೆ ಸಿಕ್ಕಿಸುವ ಚಿಕ್ಕ ಮೈಕನ್ನು ಬಳಸಿದರೆ ಯಾವ ಸಾಫ್ಟ್‌ವೇರ್ ಸುಧಾರಣೆಗಿಂತಲೂ ಹೆಚ್ಚು ಲಾಭವಿದೆ. ಗ್ರಾಹಕ ಸಹಾಯ ವಿಭಾಗ ಬೇಗ ಉತ್ತರಿಸುತ್ತದೆ, ಆದರೆ ಆಡುಮಾತಿನ ಬಗ್ಗೆ ನಾನು ಬರೆದ ಎರಡೂ ಪತ್ರಗಳಿಗೆ ಬಂದದ್ದು "ಸ್ಪಷ್ಟವಾಗಿ ಉಚ್ಚರಿಸಲು ಮಾತನಾಡುವವರಿಗೆ ಸೂಚಿಸಿ" ಎಂಬ ಒಂದೇ ಸಲಹೆ. ಅರವತ್ತು ವರ್ಷ ಆಡಿದ ಮಾತನ್ನು ಯಂತ್ರಕ್ಕಾಗಿ ತಿದ್ದಿಕೊಳ್ಳಿ ಎಂದು ಯಾರಿಗೆ ಹೇಳಲಿ?

ವಿವರ ಹುಡುಕಲು, ಸಮಯದ ಗುರುತು ಹಿಡಿಯಲು, ಕರಡಿನ ಅಸ್ಥಿಪಂಜರಕ್ಕೆ ಈ ಸೇವೆ ಐದರಲ್ಲಿ ನಾಲ್ಕು ಅಂಕಗಳಿಗೆ ಅರ್ಹ. ಉದ್ಧರಣ ಚಿಹ್ನೆಯೊಳಗೆ ಇಡುವ ಮಾತಿನ ಮೂಲವಾಗಿ ಒಂದಕ್ಕಿಂತ ಹೆಚ್ಚು ಕೊಡಲಾರೆ. ಚಂದಾವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದೇನೆ. ಸ್ವಚ್ಛ ಬರಹ, ನಕ್ಷತ್ರ ಚಿಹ್ನೆ, ಸಾರಾಂಶ, ಸುಧಾರಣೆಯ ಒಪ್ಪಿಗೆ ನಾಲ್ಕನ್ನೂ ತೆಗೆದುಹಾಕಿದ್ದೇನೆ. ಸಮಯದ ಗುರುತು ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ನಾನು ಎಣಿಸಿರದ ಒಂದು ಕೆಲಸಕ್ಕೆ: ಪ್ರಕಟಣೆಗೆ ಮೊದಲು ಅವರವರ ಮಾತನ್ನು ಅವರಿಗೇ ಕೇಳಿಸಲು. ಹೋದ ವಾರ ಆ ಹಿರಿಯ ಮಹಿಳೆಗೆ ಮೂರನೆಯ ವರದಿಯ ಉದ್ಧರಣಗಳನ್ನು ಒಂದೊಂದಾಗಿ ಒತ್ತಿ ಕೇಳಿಸಿದೆ. ಐದರಲ್ಲಿ ನಾಲ್ಕಕ್ಕೆ ತಲೆಯಾಡಿಸಿದರು. ಐದನೆಯದು ತಾವೇ ಆಡಿದ್ದು ಹೌದು, ಆದರೆ ಸೊಸೆಯ ಬಗ್ಗೆ ಇರುವುದರಿಂದ ಅದು ಬೇಡ ಎಂದರು. ಅದನ್ನು ತೆಗೆದಿದ್ದೇನೆ.